ಉಜಳಾಯವಾಡಿಯಿಂದ ಸಾಂಬ್ರಾಕ್ಕೆ ಬಾಳಗೊಂಡ ಕಾಕಾನ ದಾರಿ

ಹಾಂ, ಅದೇ, ಮೊನ್ನೆ ಅರ್ಧಕ್ಕೆ ನಿಂತಿತ್ತಲ್ಲ ಮಾತು, ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಅಂತ. ಮೊಬೈಲಿನ ನಕ್ಷೆಯನ್ನು ಕೇಳಿದರೆ ಕೊಲ್ಹಾಪುರದ ಉಜಳಾಯವಾಡಿಯಿಂದ ಬೆಳಗಾವಿಯ ಸಾಂಬ್ರಾಕ್ಕೆ ಎರಡು ತಾಸು ಚಿಲ್ಲರೆ ಅನ್ನುತ್ತದೆ. ಅದಕ್ಕೇನು ಗೊತ್ತು ಪಾಪ. ಅದಕ್ಕೆ ಬೀಗರಿಲ್ಲ, ಕಾಗಲದಲ್ಲಿ ತಾಯಿಯ ತಂಗಿ ಮಾವಶಿಯಿಲ್ಲ, ನಿಪ್ಪಾಣಿಯಲ್ಲಿ ಚಿಕ್ಕಪ್ಪನ ಹೆಂಡತಿ ಕಾಕು ಇಲ್ಲ. ಅದೇ ಪ್ರಶ್ನೆಯನ್ನು ಬಾಳಗೊಂಡ ಕಾಕಾನಿಗೆ ಕೇಳಿ ನೋಡಿ. ಅವರು ಮೊದಲು ನಿಮ್ಮ ಅಡ್ಡಹೆಸರು, ಅಂದರೆ ಮನೆತನದ ಹೆಸರು ಕೇಳುತ್ತಾರೆ, ಆಮೇಲೆ ನಿಮ್ಮ ತಾಯಿಯ ತವರು ಯಾವ ಊರು ಅಂತ ಕೇಳುತ್ತಾರೆ, ಆಮೇಲೆ ಸಮಯ ಹೇಳುತ್ತಾರೆ.

"ಯಾರೂ ಇಲ್ಲದಾವರಿದ್ರ ಎರಡೂವರಿ ತಾಸ ಹಿಡೀರಿ. ಮಂದಿ-ಮಕ್ಕಳು ಇದ್ದಾವರಿದ್ರ ಮಾತ್ರ ನಾ ಏನ ಹೇಳಾಕ ಬರಂಗಿಲ್ಲ."

ಬಾಳಗೊಂಡ ಕಾಕಾ ಅಂದರೆ ಗಡಹಿಂಗ್ಲಜದ ಹೊರಗೆ ಕಬ್ಬಿನ ಹೊಲಗಳ ನಡುವೆ ಮನೆ ಇರುವ ಜೈನ ರೈತರು. ಎತ್ತರದ ಆಳು, ಬಿಳಿ ಅಂಗಿ, ಹೆಗಲ ಮೇಲೆ ಒಂದು ದೊಡ್ಡ ಟವೆಲ್ಲು, ಕನ್ನಡಿ ನೋಡದೆ ತಿದ್ದಿದ್ದೇನೋ ಅನ್ನಿಸುವಂಥ ಒಂದು ಕಡೆ ಉದ್ದದ ಮೀಸೆ. ಮೊದಲು ಕಬ್ಬಿನ ಟ್ರ್ಯಾಕ್ಟರ್ ಹೊಡೆದರು. ಆಮೇಲೆ ಇಚಲಕರಂಜಿಯಲ್ಲಿ ಟೆಂಪೋ ಮೇಲೆ ನೂಲು ಹೇರಿಕೊಂಡು ಮಗ್ಗದ ಓಣಿಗಳಲ್ಲಿ ತಿರುಗಿದರು. ಈಗ ಒಂದು ಬಿಳಿ ಏಳು ಸೀಟಿನ ಗಾಡಿ ಇಟ್ಟುಕೊಂಡು ವಿಮಾನದ ಮಂದಿಯನ್ನು ಅತ್ತಿಂದಿತ್ತ ಸಾಗಿಸುತ್ತಾರೆ. ಗಡಹಿಂಗ್ಲಜದವರಿಗೆ ಕೊಲ್ಹಾಪುರವೂ ಬೆಳಗಾವಿಯೂ ಹೆಚ್ಚುಕಡಿಮೆ ಒಂದೇ ದೂರ. ಅದಕ್ಕೇ ಕಾಕಾ ಎರಡೂ ನಿಲ್ದಾಣಗಳ ಬಗ್ಗೆ ತಮ್ಮ ಎರಡು ಎತ್ತುಗಳ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. "ಕೊಲ್ಹಾಪುರದ್ದು ಸಣ್ಣದರಿ, ಆದ್ರ ಚುರುಕ ಐತಿ. ಬೆಳಗಾವಿದು ಹಳೇದು, ಸ್ವಲ್ಪ ಗಂಭೀರ."

ಅವರ ಗಾಡಿಯಲ್ಲಿ ಒಂದೇ ಕಷ್ಟ. ಅದು ಸೀದಾ ಹೋಗುವುದಿಲ್ಲ. ಹೆದ್ದಾರಿಯ ಎರಡೂ ಬದಿ ಅವರಿಗೆ ಬಳಗವಿದೆ. ನಮ್ಮ ಕಡೆ ಜೈನರಲ್ಲಿ ಸ್ವಲ್ಪ ಕೆದಕಿದರೆ ಎಲ್ಲರೂ ಬೀಗರೇ ಆಗುತ್ತಾರೆ, ಆದರೆ ಕಾಕಾ ಮಾತ್ರ ಎಲ್ಲರನ್ನೂ ಕೆದಕಿ ಇಟ್ಟುಕೊಂಡಿದ್ದಾರೆ. ಕೊಲ್ಹಾಪುರದ ಪೇಟೆಯಿಂದ ಒಬ್ಬರಿಗೆ ಬೆಲ್ಲದ ಪೆಂಟೆ, ಇನ್ನೊಬ್ಬರಿಗೆ ರಿಪೇರಿಯಾದ ಚಪ್ಪಲಿ, ಮುರಗೂಡದ ಅಳಿಯನಿಗೆ ಪಂಪಿನ ವಾಲ್ವು, ಎಲ್ಲ ಇವರ ಗಾಡಿಯಲ್ಲೇ. ಕೊಡಲು ನಿಂತರೆ ಚಹಾ ಕುಡಿಯದೆ ಬಿಡುವುದಿಲ್ಲ. ಒಮ್ಮೆ ಮುಂಬಯಿಯ ಯಾರೋ ದೊಡ್ಡ ಸಾಹೇಬರನ್ನು ಕರೆದುಕೊಂಡು ಹೊರಟವರು ದಾರಿಯಲ್ಲಿ ಒಂದು ಬಾರಸೆಯ ಮನೆ ಮುಂದೆ ನಿಂತರು. ಬಾರಸೆ ಅಂದರೆ ಕೂಸಿಗೆ ಹೆಸರಿಡುವ ಕಾರ್ಯ. ಐದು ನಿಮಿಷ ಅಂದಿದ್ದರು. ಸಾಹೇಬರು ತೊಟ್ಟಿಲು ತೂಗಿ, ಹೋಳಿಗೆ ಉಂಡು, ಫೋಟೋದಲ್ಲಿ ಅಜ್ಜಿಯ ಪಕ್ಕ ನಿಂತು ಬಂದರು. ವಿಮಾನ ಸಿಕ್ಕಿತು ಅನ್ನಿ. ಆ ಸಾಹೇಬರು ಈಗಲೂ ಕೂಸಿನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಾರಂತೆ.

ಇಂಥ ಕಾಕಾ ಒಂದು ದಿನ ಸೀದಾ ಹೋಗಬೇಕಾಯಿತು. ಅದನ್ನೇ ನಿಮಗೆ ಹೇಳಬೇಕಂತ ಮೊನ್ನೆಯಿಂದ ಒದ್ದಾಡುತ್ತಿದ್ದೇನೆ.

ಅವತ್ತು ನಾನು ಸಂಕೇಶ್ವರದವರೆಗೆ ಹೋಗುವುದಿತ್ತು. ಕಾಕಾನ ಗಾಡಿಯ ಹಿಂದಿನ ಸೀಟು ಸಿಕ್ಕಿತ್ತು. ಉಜಳಾಯವಾಡಿಯಲ್ಲಿ ಗಾಡಿಯ ಹೊರಗೆ ನಿಂತಿದ್ದಾಗ ಎರಡು ಗಾಡಿ ತುಂಬ ಜನ ಇಳಿದರು. ನಡುವೆ ಒಬ್ಬ ಹೆಂಗಸು, ಕೊರಳ ತುಂಬ ಹಾರ, ಕಣ್ಣ ತುಂಬ ನೀರು, ಮುಖದ ತುಂಬ ನಗು. ಅವರೇ ಅಲಕಾ ಅಕ್ಕ. ಇಚಲಕರಂಜಿಯ ಪಕ್ಕದ ಕೊರೋಚಿಯವರು. ಯಜಮಾನರು ಪದ್ಮಕುಮಾರ, ಮಗ್ಗದ ಕಾರಖಾನೆ. ಅಲಕಾ ಅಕ್ಕನಿಗೆ ಸಮ್ಮೇದ ಶಿಖರಜಿಗೆ ಹೋಗುವ ಆಸೆ ಮದುವೆಯಾದಾಗಿನಿಂದ. ದೂರದ ಝಾರ್ಖಂಡದ ಆ ಬೆಟ್ಟ ನಮ್ಮ ಕಡೆ ಜೈನರಿಗೆ ಎಲ್ಲಕ್ಕಿಂತ ದೊಡ್ಡ ಯಾತ್ರೆ. ಪ್ರತಿ ಸಲ ಹೊರಡುವಾಗ ಏನಾದರೊಂದು. ಒಮ್ಮೆ ನಾದಿನಿಯ ಬಾಣಂತನ, ಒಮ್ಮೆ ಮಗ್ಗಕ್ಕೆ ಆಳಿಲ್ಲ, ಒಮ್ಮೆ ಯಜಮಾನರ ಬೆನ್ನು ಹಿಡಿದುಕೊಂಡಿತು. ಈಗ ಮೊಣಕಾಲು ನೋಯುತ್ತಿದೆ. ಇನ್ನು ಎರಡು ವರ್ಷ ಹೋದರೆ ಬೆಟ್ಟ ಹತ್ತಲಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಈ ಸಲ ಗಡಹಿಂಗ್ಲಜದ ನೂತನ ವಹಿನಿ, ವಹಿನಿ ಅಂದರೆ ಅತ್ತಿಗೆ, ಹೆಂಗಸರದೇ ಒಂದು ಗುಂಪು ಕಟ್ಟಿ ಕರೆದುಕೊಂಡು ಹೊರಟಿದ್ದರು. ಮೊದಲು ವಿಮಾನದಲ್ಲಿ ದಿಲ್ಲಿ, ಅಲ್ಲಿಂದ ರಾಂಚಿ, ಅಲ್ಲಿಂದ ಬಸ್ಸು. ಅಲಕಾ ಅಕ್ಕನಿಗೆ ಇದೇ ಕೊನೆಯ ಅವಕಾಶ.

ಬಾಗಿಲಲ್ಲಿ ಪೊಲೀಸಪ್ಪ ಟಿಕೇಟು ನೋಡಿ ನಕ್ಕ.

"ಆಕ್ಕಾ, ಹೇ ವಿಮಾನ ಇಥೂನ ನಾಹೀ. ಬೆಳಗಾವಿಹೂನ ಆಹೇ."

ಅಂದರೆ, ಈ ವಿಮಾನ ಇಲ್ಲಿಂದಲ್ಲ, ಬೆಳಗಾವಿಯಿಂದ. ಎಲ್ಲರೂ ಒಟ್ಟಿಗೆ ಸೌರಭನ ಕಡೆ ತಿರುಗಿದರು. ಸೌರಭ ಅಲಕಾ ಅಕ್ಕನ ಅಣ್ಣನ ಮಗ, ಕಾಲೇಜು ಮುಗಿಸಿದವನು, ಮನೆಯಲ್ಲಿ ಫೋನಿನ ಕೆಲಸಕ್ಕೆಲ್ಲ ಅವನೇ.

"ನಂಗೇನ ಗೊತ್ತು?" ಅಂದ ಸೌರಭ. "ಇಚಲಕರಂಜಿ ಮಂದಿ ವಿಮಾನ ಅಂದ್ರ ಉಜಳಾಯವಾಡಿಗೇ ಬರತಾರ. ಯಾರರೆ ಬೆಳಗಾವಿಗಿ ಹೋಗ್ಯಾರೇನು?"

"ಮತ್ತ ಗಡಹಿಂಗ್ಲಜ ಮಂದಿ?" ಅಂತ ಯಾರೋ ಕೇಳಿದರು.

"ಅವರು ಎಲ್ಲಿಗಿ ಬೇಕಾದ್ರೂ ಹೋಗ್ತಾರ. ಅವರಿಗಿ ಎರಡ ಅದಾವು!"

ನಿಜ ಹೇಳಬೇಕೆಂದರೆ ತಪ್ಪು ಯಾರದೂ ಅಲ್ಲ. ನೂತನ ವಹಿನಿ ಬೆಳಗಾವಿ ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ, ಇವರು ಬಾಯಿ ಬಿಟ್ಟು ಕೇಳಿರಲಿಲ್ಲ. ಅಲಕಾ ಅಕ್ಕ ಹಾರಗಳ ಮಧ್ಯೆಯೇ ನೆಲಕ್ಕೆ ಕೂತರು. "ಹಣೀಬರದಾಗ ಇಲ್ಲ ಬಿಡೋ," ಅಂದರು. "ಮನಿಗಿ ನಡೀರಿ. ನಿಮ್ಮ ಮಾಮಾ ಮಧ್ಯಾಹ್ನದ ಊಟಕ್ಕ ಹಾದಿ ಕಾಯಾಕತ್ತಿರಬೇಕು." ಮಾಮಾ ಅಂದರೆ ಅವರ ಯಜಮಾನರು.

ಆಗ ಕಾಕಾ ಮುಂದೆ ಬಂದರು. ಗುರುತು ಪರಿಚಯ ಇಲ್ಲ. ಸೀದಾ ಅಕ್ಕನ ಚೀಲ ಎತ್ತಿಕೊಂಡರು.

"ಏಳ್ರಿ ಅಕ್ಕಾ. ವಿಮಾನ ಇನ್ನೂ ನೆಲದ ಮ್ಯಾಲೇ ಐತಿ."

"ಮುಟ್ಟತೇವೇನ್ರಿ?"

"ನಿಮ್ಮ ತಾಯಿ ತವರ ಯಾವುದು?"

"ಕಾಗಲ."

ಕಾಗಲ ನಮ್ಮ ದಾರಿಯ ಮೇಲೇ. ಕಾಕಾನ ಮುಖ ಸ್ವಲ್ಪ ಇಳಿಯಿತು. "ಹಂಗಾರ ಲಗೂ ಹತ್ರಿ," ಅಂದರು.

ಗಾಡಿ ಹೊರಟಿತು. ಮುಂದೆ ಸೌರಭ, ನಡುವೆ ಅಲಕಾ ಅಕ್ಕ, ಹಿಂದೆ ನಾನು. ಉಳಿದವರೆಲ್ಲ ಕೈ ಬೀಸುತ್ತ ನಿಂತರು. ಕಾಗಲದವರೆಗಿನ ರಸ್ತೆಯನ್ನು ಅಗಲ ಮಾಡಲು ಅಗೆದು ಹಾಕಿದ್ದರಿಂದ ಲಾರಿಗಳ ಹಿಂದೆ ಇರುವೆಯಂತೆ ಹರಿಯುತ್ತಿದ್ದೆವು. ಕಾಕಾ ಘೋಷಣೆ ಮಾಡಿದರು.

"ಇವತ್ತ ಯಾರ ಮನೀ ಮುಂದೂ ನಿಂದ್ರಂಗಿಲ್ಲ. ಚಹಾ ಇಲ್ಲ, ನೀರ ಇಲ್ಲ. ಮುರಗೂಡದ ವಾಲ್ವ ನಾಳಿಗಿ."

ಅಷ್ಟರಲ್ಲಿ ಸೌರಭನ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಆ ಪುಣ್ಯಾತ್ಮ ಅತ್ತೆಯ ಫೋಟೋ ಹಾಕಿ ಸ್ಟೇಟಸ್ ಇಟ್ಟಿದ್ದ, 'ಆತ್ಯಾ ಬೆಳಗಾವಿ ಮಾರ್ಗವಾಗಿ ಶಿಖರಜಿಗೆ' ಅಂತ, ಕೆಳಗೆ ಕೈ ಮುಗಿಯುವ ಚಿತ್ರ.

"ಏ ತಮ್ಮಾ," ಅಂದರು ಕಾಕಾ, "ಅದನ್ನ ಅಳಿಸು."

"ಅಳಸಿದ್ರೂ ಆಗೂದಿಲ್ರಿ ಕಾಕಾ. ಎಲ್ಲಾರೂ ನೋಡ್ಯಾರ. ಕಾಗಲದ ಮಾವಶಿ ರಸ್ತೆಕ್ಕ ಬಂದ ನಿಂತಾಳಂತ. ಉಡಿ ತುಂಬತಾಳಂತ."

ಉಡಿ ತುಂಬುವುದು ಅಂದರೆ ನಿಮಗೆ ಗೊತ್ತಲ್ಲ, ಊರು ಬಿಟ್ಟು ಹೊರಟ ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ, ಎಲೆ ಅಡಿಕೆ ಹಾಕಿ ಕಳಿಸುವುದು. ಯಾತ್ರೆಗೆ ಹೊರಟವಳಿಗಂತೂ ತಪ್ಪಿಸುವ ಹಾಗಿಲ್ಲ. ಕೊಡುವವರು ಎದುರು ನಿಂತಾಗ ಬೇಡ ಅಂದರೆ ಯಾತ್ರೆಯೇ ಕೆಟ್ಟಂತೆ. ತುಂಬಿಸಿಕೊಂಡದ್ದನ್ನು ನೆಲಕ್ಕಿಡುವ ಹಾಗಿಲ್ಲ, ಚೀಲಕ್ಕೆ ತುರುಕುವ ಹಾಗಿಲ್ಲ.

ಕಾಗಲದ ಮಾವಶಿ ಒಬ್ಬಳೇ ಬಂದಿರಲಿಲ್ಲ. ನಾಲ್ಕು ಮಂದಿ ಮುತ್ತೈದೆಯರು, ಒಂದು ಮಣೆ, ಒಂದು ಆರತಿ ತಾಟು, ಒಂದು ಹಾಡು. ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಮುಂದೆ ಮಣೆ ಹಾಕಿ ಅಕ್ಕನನ್ನು ಕೂರಿಸಿದರು. ಗಾಳಿಗೆ ದೀಪ ನಿಲ್ಲಲಿಲ್ಲ. ಅಂಗಡಿಯವನು ಟಯರು ಅಡ್ಡ ಹಿಡಿದ. ಹಾಡು ಮುಗಿಯುವಷ್ಟರಲ್ಲಿ ಕಾಕಾ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು.

ಗಾಡಿ ಮತ್ತೆ ಹೊರಟಾಗ ಅಕ್ಕನ ಮಡಿಲಲ್ಲಿ ನಾಲ್ಕು ತೆಂಗಿನಕಾಯಿ, ಸೌರಭನ ಫೋನಿನಲ್ಲಿ ಇನ್ನೂ ಐದಾರು ಊರು. ಕೋಗನೋಳಿಯವರು, ನಿಪ್ಪಾಣಿಯವರು, ಸಂಕೇಶ್ವರದವರು, ಎಲ್ಲರೂ ಸರ್ವೀಸ್ ರೋಡಿಗೆ ಬರುತ್ತೇವೆ ಅಂತ. ಅಕ್ಕ ಒಂದೇ ಸಮನೆ ಅಳುತ್ತಿದ್ದರು. "ನಿಂತ್ರ ವಿಮಾನ ಹೋಗತೈತಿ. ನಿಲ್ಲಲಿಲ್ಲಂದ್ರ ಪುಣ್ಯ ಹೋಗತೈತಿ. ಏನ ಮಾಡ್ಲಿ ಅಣ್ಣಾ?"

ಕಾಕಾ ಗಾಡಿ ಬದಿಗೆ ಹಾಕಿ ಮನೆಗೆ ಫೋನ್ ಹಚ್ಚಿದರು. ಅವರ ಹೆಂಡತಿ ರಾಜಮತಿ ಕಾಕು. ಕಾಕಾ ಲೋಕದಲ್ಲಿ ಬೇರೆ ಯಾರಿಗೂ ಹೆದರುವುದಿಲ್ಲ, ಇವರೊಬ್ಬರಿಗೇ ಹೆದರುತ್ತಾರೆ. ಫೋನಿನ ಧ್ವನಿ ಗಾಡಿಗೆಲ್ಲ ಕೇಳುತ್ತಿತ್ತು.

"ಏ, ಕೇಳಿಲ್ಲೆ. ಯಾರ್ಯಾರ ಉಡಿ ತುಂಬಾಕ ಹೊಂಟಾರೋ ಅವರನ್ನೆಲ್ಲಾ ಸಂಕೇಶ್ವರ ಫಾಟಾಕ ಕರಸು. ಬಸ್ಸಿಗಿ ಬರಲಿ, ಜೀಪಿಗಿ ಬರಲಿ. ಎಲ್ಲಾರೂ ಒಂದೇ ಕಡೆ ನಿಲ್ಲಲಿ. ನಂಬರ ಈ ಹುಡುಗ ಕಳಸತಾನ."

"ಯಾರಿಗಿ ಉಡಿ?"

"ಅಲಕಾ ಅಕ್ಕಗ."

"ಯಾವ ಅಲಕಾ?"

"ಈಗಷ್ಟ ಗುರುತಾಗ್ಯಾಳ."

"ನೀವು ಪ್ಯಾಸೆಂಜರ್ ಹೊಡೀತೀರೋ ಬೀಗರನ್ನ ಹುಟ್ಟಸ್ತೀರೋ? ಆತು, ಬರತೇನಿ. ಆಕಿ ಹಾದ್ಯಾಗ ಏನರೆ ತಿಂತಾಳೋ ಇಲ್ಲೋ? ಹೊತ್ತ ಮುಳುಗಿದ ಮ್ಯಾಲ ಊಟ ಮಾಡೂದಿಲ್ಲಲ್ಲ. ರೊಟ್ಟಿ ಕಟಗೊಂಡ ಬರತೇನಿ."

ನಿಪ್ಪಾಣಿಯ ಮೇಲ್ಸೇತುವೆಯನ್ನು ಕಾಕಾ ಉಸಿರು ಬಿಗಿಹಿಡಿದು ದಾಟಿದರು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ನೋಡಿದರೆ ಯಾರಾದರೂ ಕೈ ಮಾಡಿಬಿಟ್ಟಾರು ಅಂತ.

ಸಂಕೇಶ್ವರ ಫಾಟಾದಲ್ಲಿ, ಅಂದರೆ ಹೆದ್ದಾರಿಯಿಂದ ಊರಿಗೆ ತಿರುಗುವ ಕೂಡುರಸ್ತೆಯಲ್ಲಿ, ನಾನು ಇಳಿಯಬೇಕಿತ್ತು. ಇಳಿಯಲಿಲ್ಲ, ಯಾರು ಇಳಿಯುತ್ತಾರೆ ಹೇಳಿ. ಅಲ್ಲಿ ಹೆಂಗಸರ ಒಂದು ಸಣ್ಣ ದಂಡೇ ನೆರೆದಿತ್ತು. ಮುಂದೆ ರಾಜಮತಿ ಕಾಕು, ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಖಣ-ಕಾಯಿ. ಯಾರೋ ಮಣೆ ತಂದು ಹಾಕುವುದರಲ್ಲಿದ್ದರು.

"ಮಣಿ ತಗೀರಿ!" ಅಂತ ಕಾಕಾ ಇಳಿಯದೆಯೇ ಕೂಗಿದರು. "ಅಕ್ಕ ಇಳಿಯಂಗಿಲ್ಲ. ಸೀಟೇ ಮಣಿ. ಕಿಡಕಿ ತಗದೇನಿ, ಸಾಲ ಹಚ್ರಿ. ಈ ಕಡಿಯಿಂದ ಬರ್ರಿ, ಉಡಿಗಿ ಹಾಕ್ರಿ, ಆ ಕಡಿಗಿ ಹೋಗ್ರಿ. ಹಾಡ ಮನೀಗಿ ಹೋಗಿ ಹಾಡ್ರಿ!"

ನಿಪ್ಪಾಣಿಯ ಕಾಕು ಒಬ್ಬರು ಸೊಂಟದ ಮೇಲೆ ಕೈಯಿಟ್ಟರು. ಕಾಕಾ ನಿಲ್ಲುವುದಿಲ್ಲ ಅಂದದ್ದಕ್ಕೆ ಬಸ್ಸು ಹಿಡಿದು ಬಂದ ಹಿರಿಯರು ಅವರು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬಾಳಗೊಂಡಾ, ನಾ ಏನ ಟೋಲ್ ಕಟ್ಟಾಕ ಬಂದೀನೇನೋ? ಕಿಡಕ್ಯಾಗಿಂದ ಉಡಿ ತುಂಬೂದು ಯಾವ ಊರ ರೀತಿ?"

"ಕಾಕು, ನಿಮ್ಮ ಆಶೀರ್ವಾದಕ್ಕ ಬಾಗಲಾ ಬೇಕೇನ್ರಿ? ಹಾಕ್ರಿ, ಹಾಕ್ರಿ. ಹಿಂದ ಸಾಲ ನಿಂತೈತಿ."

"ಹಿರೇರಿಗಿ ಮುಂದ ಬಿಡ್ರಿ ಅನ್ನೂದೂ ಇಲ್ಲ ಇವಗ!"

"ಹಿರೇರಿಗಿ ಮುಂದ ಬಿಡ್ರೆಪಾ!" ಅಂತ ಕಾಕಾ ಹಾರ್ನ್ ಹೊಡೆದರು.

ಕಾಕು ನಕ್ಕುಬಿಟ್ಟರು. ಕಿಟಕಿಯೊಳಗೆ ಅರ್ಧ ಮೈ ತೂರಿಸಿ ಅಲಕಾ ಅಕ್ಕನ ಉಡಿಗೆ ಅಕ್ಕಿ ಹಾಕಿ, ಹಣೆಗೆ ಕುಂಕುಮ ಹಚ್ಚಿ, "ಬೆಟ್ಟ ಹತ್ತೂವಾಗ ನಮ್ಮ ಹೆಸರೂ ತಗೊ ಮಗಳ" ಅಂದರು. ಆಮೇಲೆ ಒಬ್ಬೊಬ್ಬರಾಗಿ, ಆ ಕಿಟಕಿಯಿಂದ, ಈ ಕಿಟಕಿಯಿಂದ. ಅಕ್ಕ ಸೆರಗು ಹಿಡಿದು ಹಿಡಿದು ಕೊನೆಗೆ ತೆಂಗಿನಕಾಯಿಗಳ ಮೇಲೆ ಅವರ ಮುಖವಷ್ಟೇ ಕಾಣುತ್ತಿತ್ತು. ರಾಜಮತಿ ಕಾಕು ಕೊನೆಗೆ ಹಾಕಿ ರೊಟ್ಟಿಯ ಗಂಟನ್ನು ಸೌರಭನಿಗೆ ಕೊಟ್ಟರು. "ಉಳ್ಳಾಗಡ್ಡಿ ಹಾಕಿಲ್ಲ, ಧೈರ್ಯಲೇ ತಿನ್ನಾಕ ಹೇಳು. ರೀ, ನೀವು ಮುಂದ ನೋಡಿ ಹೊಡೀರಿ."

ಅಲ್ಲಿಂದ ಗಾಡಿ ಬಿಟ್ಟದ್ದು ಬಾಣ. ಹತ್ತರಗಿ ಹೋಯಿತು, ಘಾಟು ಹೋಯಿತು, ಬೆಳಗಾವಿ ಬಂತು. ಊರಿನ ಟ್ರಾಫಿಕ್ಕಿನಲ್ಲಿ ಎಲ್ಲರೂ ಸಿಗ್ನಲ್ಲಿನ ಕೆಂಪು ದೀಪವನ್ನು ಕಣ್ಣಿನಿಂದಲೇ ಹಸಿರು ಮಾಡಲು ನೋಡಿದೆವು. ನೂತನ ವಹಿನಿ ಒಳಗಿನಿಂದ ಫೋನಿನ ಮೇಲೆ ಫೋನು. "ಎಲ್ಲೆ ಅದೀರಿ? ಬಾಗಲಾ ಮುಚ್ಚತಾರಂತ!" ಸಾಂಬ್ರಾದ ನಿಲ್ದಾಣ ಕಂಡಾಗ ಸೌರಭ ಗಾಡಿ ನಿಲ್ಲುವ ಮೊದಲೇ ಚೀಲ ಹಿಡಿದು ಹಾರಿದ.

ಬಾಗಿಲಲ್ಲಿದ್ದ ಭದ್ರತಾ ಜವಾನ ಅಲಕಾ ಅಕ್ಕನ ಉಡಿ ನೋಡಿ ಬೆರಗಾದ. ತೆಂಗಿನಕಾಯಿ ಒಳಗೆ ಬಿಡುವುದಿಲ್ಲ ಅಂತ ಮರ್ಯಾದೆಯಿಂದಲೇ ಹೇಳಿದ. "ಮಾತಾಜಿ, ನಾರಿಯಲ್ ಅಂದರ್ ನಹೀ ಜಾಯೇಗಾ."

ವಹಿನಿ ಗಾಜಿನ ಆಚೆಯಿಂದ ಕೂಗಿದರು. "ಬ್ಯಾಗಿನ್ಯಾಗ ಹಾಕ್ರಿ ಅಕ್ಕಾ!"

"ಉಡಿ ತುಂಬಿದ್ದನ್ನ ಬ್ಯಾಗಿನ್ಯಾಗ ಹಾಕಿ ಒಗ್ಯಾದೇನು?" ಅಕ್ಕ ಅಲ್ಲೇ ನಿಂತರು. "ಇಷ್ಟೆಲ್ಲಾ ಊರ ಹೆಣಮಕ್ಕಳ ಕೈ ಐತಿ ಇದರಾಗ. ನೆಲಕ್ಕ ಇಟ್ಟ ಹೋದ್ರ ಶಿಖರಜಿ ಮುಟ್ಟಿ ಏನ ಪುಣ್ಯ? ಬ್ಯಾಡ. ನಾ ಹೋಗೂದಿಲ್ಲ. ನೀವು ಹೋಗಿ ಬರ್ರಿ."

ತಮಾಷೆಯಲ್ಲ, ಅವರು ನಿಜವಾಗಿಯೂ ತಿರುಗಿದರು. ಇಷ್ಟು ವರ್ಷ ಬಾಣಂತನ, ಮಗ್ಗ, ಬೆನ್ನುನೋವು ಎಲ್ಲ ಗೆದ್ದು ಬಾಗಿಲಿಗೆ ಬಂದವರು ತೆಂಗಿನಕಾಯಿಗೆ ಸೋತು ಮರಳುತ್ತಿದ್ದರು. ಅಕ್ಕನ ಬದಲು ಉಡಿ ಹಿಡಿಯಲು ಒಬ್ಬ ಹೆಂಗಸೂ ನಮ್ಮ ಜೊತೆ ಇರಲಿಲ್ಲ.

ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದರು. ಎರಡು ತುದಿ ಸೊಂಟಕ್ಕೆ ಗಂಟು ಹಾಕಿದರು, ಇನ್ನೆರಡು ತುದಿ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಸ್ವಲ್ಪ ಬಾಗಿಸಿ, ಅಲಕಾ ಅಕ್ಕನ ಎದುರು ನಿಂತರು. ಥೇಟ್ ಉಡಿ ತುಂಬಿಸಿಕೊಳ್ಳುವ ಹೆಣ್ಣುಮಗಳ ಹಾಗೆ.

"ಹಾಕ್ರಿ ಅಕ್ಕಾ. ನನ್ನ ಉಡಿಗಿ ಹಾಕ್ರಿ."

"ಕಾಕಾ, ಗಂಡಸರು ಉಡಿ ತುಂಬಸ್ಕೋತಾರೇನ್ರಿ?" ಅಂದ ಸೌರಭ.

"ತುಂಬಸ್ಕೋಬಾರ್ದು ಅಂತ ಇಲ್ಲೆ ಎಲ್ಲ್ಯರೆ ಬೋರ್ಡ್ ಹಚ್ಯಾರೇನು? ಅಕ್ಕಾ, ನೆಲಕ್ಕ ಇಡಂಗಿಲ್ಲ, ಚೀಲಕ್ಕ ಹಾಕಂಗಿಲ್ಲ. ನಿಮ್ಮ ಉಡಿಯಿಂದ ನನ್ನ ಉಡಿಗಿ. ಮನೀಗಿ ಒಯ್ದು ರಾಜಮತಿ ಉಡಿಗಿ ಹಾಕತೇನಿ, ಆಕಿ ದೇವರ ಮುಂದ ಇಡತಾಳ. ನೀವು ಬಂದ ಮ್ಯಾಲ ತವರಮನಿಗಿ ಬಂದಂಗ ಬಂದ ತಗೊಂಡ ಹೋಗ್ರಿ."

ಅಕ್ಕ ಅವರ ಮುಖ ನೋಡಿದರು. ಮೀಸೆಯನ್ನೂ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಎತ್ತಿ ಸುರಿದರು. ಕಾಯಿ, ಅಕ್ಕಿ, ಹಸಿರು ಖಣ, ಕೆಂಪು ಖಣ, ಉತ್ತತ್ತಿ, ಅರಿಶಿನದ ಬೇರು. ಚಕ್ರದ ಚೀಲ ಎಳೆಯುತ್ತಿದ್ದ ಮಂದಿಯೆಲ್ಲ ನಿಂತು ನೋಡಿದರು. ಒಬ್ಬ ಫೋಟೋ ತೆಗೆದ. ಕಾಕಾ ಕದಲಲಿಲ್ಲ. ಒಂದು ಹಿಡಿ ಅಕ್ಕಿ ಮಾತ್ರ ಅಕ್ಕ ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಜವಾನ ಅದನ್ನು ನೋಡಿಯೂ ನೋಡದವನಂತೆ ಬಾಗಿಲು ಬಿಟ್ಟ. ಗಾಜಿನ ಆಚೆ ನೂತನ ವಹಿನಿ ಅಕ್ಕನ ಕೈ ಹಿಡಿದು ಓಡಿಸಿಕೊಂಡು ಹೋದದ್ದು ಕಂಡಿತು. ಅಕ್ಕನ ಮೊಣಕಾಲು ಆಗ ನೋಯಲಿಲ್ಲ ಅಂತ ಕಾಣುತ್ತದೆ.

ವಿಮಾನ ನಮ್ಮ ತಲೆಯ ಮೇಲೆಯೇ ಏರಿತು. ಕೈ ಬೀಸಲು ಕಾಕಾನಿಗೆ ಕೈ ಖಾಲಿ ಇರಲಿಲ್ಲ. ಗೋಣು ಬೀಸಿದರು.

ಮರಳುವ ದಾರಿ ಇನ್ನೂ ಮಜಾ. ಸೌರಭನಿಗೆ ಸ್ಕೂಟರ್ ಬಿಟ್ಟು ಬೇರೆ ಬರುವುದಿಲ್ಲ, ನನಗೆ ಅದೂ ಬರುವುದಿಲ್ಲ. ಉಡಿಯನ್ನು ಸೀಟಿನ ಮೇಲೆ ಇಡೋಣ ಅಂದರೆ ಕಾಕಾ ಒಪ್ಪಲಿಲ್ಲ. ಟವೆಲ್ಲಿನ ತುದಿಗಳನ್ನು ಕೊರಳ ಹಿಂದೆ ಗಂಟು ಹಾಕಿಸಿಕೊಂಡು, ಸೀಟನ್ನು ಹಿಂದಕ್ಕೆ ಸರಿಸಿ, ತೆಂಗಿನಕಾಯಿಗಳ ಮೇಲೆ ಬೆಲ್ಟು ಬಿಗಿದು ನಿಧಾನವಾಗಿ ಹೊಡೆದರು. ಗುಂಡಿ ಬಂದಾಗಲೆಲ್ಲ ಒಂದು ಕಾಯಿ ಹಾರ್ನ್ ಒತ್ತುತ್ತಿತ್ತು. ಮುಂದಿನ ಲಾರಿಯವನು ಬೈದರೆ ಕಾಕಾ "ನಾ ಅಲ್ಲಪಾ, ಕಾಯಿ" ಅನ್ನುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಹೊಟ್ಟೆ ಹಿಡಿದುಕೊಂಡು ಇಳಿದ ಗಂಡನನ್ನು ರಾಜಮತಿ ಕಾಕು ಹೊಸ್ತಿಲಲ್ಲಿ ನಿಂತು ಮೇಲಿನಿಂದ ಕೆಳಗೆ ನೋಡಿದರು.

"ಎಷ್ಟ ತಿಂಗಳಾದುವ್ರೀ?"

"ನಗಬ್ಯಾಡ. ಮೊದಲ ಉಡಿ ಒಡ್ಡು. ಕೈ ಸೋತಾವು."

ಕಾಕು ನಗುತ್ತಲೇ ಸೆರಗು ಒಡ್ಡಿದರು. ಆದರೆ ಸುರಿಸಿಕೊಳ್ಳುವ ಮೊದಲು ಒಳಗಿನಿಂದ ಕುಂಕುಮ ತಂದು ಕಾಕಾನ ಹಣೆಗೆ ಹಚ್ಚಿದರು. ಆಗ ಮಾತ್ರ ಇಬ್ಬರೂ ಸ್ವಲ್ಪ ಹೊತ್ತು ನಗಲಿಲ್ಲ.

ಅಲಕಾ ಅಕ್ಕ ಬೆಟ್ಟ ಹತ್ತಿದರು. ಮೇಲೆ ನಿಂತು ಸೌರಭನಿಗೆ ವಿಡಿಯೋ ಕಾಲ್ ಮಾಡಿದಾಗ ಮಂಜಿನಲ್ಲಿ ಏನೂ ಕಾಣಲಿಲ್ಲ, ಅಕ್ಕನ ಅಳು ಮಾತ್ರ ಕೇಳಿತು. ಮರಳಿ ಬಂದವರು ಮೊದಲು ಕೊರೋಚಿಗೆ ಹೋಗಲಿಲ್ಲ, ಗಡಹಿಂಗ್ಲಜಕ್ಕೆ ಬಂದರು, ಯಜಮಾನರನ್ನೂ ಅಲ್ಲಿಗೇ ಕರೆಸಿದರು. ಪದ್ಮಕುಮಾರ ಅವರು ಮಗ್ಗ ನಿಲ್ಲಿಸಿ ಎಲ್ಲಿಗಾದರೂ ಹೋದದ್ದು ಅದೇ ಮೊದಲಂತೆ. ನಾಗರಪಂಚಮಿಗೆ ಅಕ್ಕ ಈಗ ಇಲ್ಲಿಗೇ ಬರುತ್ತಾರೆ, ತವರಿಗೆ ಬಂದ ಹಾಗೆ, ಮೂರು ದಿನ ಇದ್ದು ಕಾಕಾನ ಮೀಸೆಯ ಒಂದು ಕಡೆ ಕತ್ತರಿಸಲು ಗಂಟು ಬೀಳುತ್ತಾರೆ.

ನಿಲ್ದಾಣದ ಬೇರೆ ಡ್ರೈವರುಗಳು ಕಾಕಾನನ್ನು ಬಾಳವ್ವ ಅಂತ ಚೇಷ್ಟೆ ಮಾಡುತ್ತಾರೆ. ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ, ಏನವ್ವ ಅಂತ ಓಗೊಡುತ್ತಾರೆ. ಯಾತ್ರೆಗೆ ಹೊರಟ ಹೆಂಗಸರೆಲ್ಲ ಈಗ ಅವರ ಗಾಡಿಯೇ ಬೇಕು ಅನ್ನುತ್ತಾರೆ. ನಾನು ಎಷ್ಟು ಹೇಳಿದರೂ ನಿಮಗೆ ಅವರ ದನಿ ಕೇಳಿಸುವುದಿಲ್ಲ, ಅದೇ ನನ್ನ ಕಷ್ಟ. ಒಂದು ಕೆಲಸ ಮಾಡಿ. ಉಜಳಾಯವಾಡಿಗೆ ಹೋಗಿ, ಹೊರಗಿನ ಚಹಾದ ಗಾಡಿಯ ಹತ್ತಿರ ಬಿಳಿ ಅಂಗಿಯವರು ಯಾರಿಗೋ ಫೋನಿನಲ್ಲಿ ಜಗಳವಾಡುತ್ತಿದ್ದರೆ ಅವರೇ. ಅಲ್ಲಿ ಇಲ್ಲದಿದ್ದರೆ ಸಾಂಬ್ರಾದಲ್ಲಿ ಇರುತ್ತಾರೆ. ಎರಡೂ ಕಡೆ ಸಿಗದಿದ್ದರೆ ನಡುವೆ ಯಾರದೋ ಮನೆಯಲ್ಲಿ ಕೂತಿದ್ದಾರೆ ಅಂತ ತಿಳಿಯಿರಿ, ಗಡಹಿಂಗ್ಲಜಕ್ಕೇ ಹೋಗಿ ರಾಜಮತಿ ಕಾಕುವಿನ ಕೈ ರೊಟ್ಟಿ ತಿನ್ನುತ್ತ ಕಾಯಿರಿ. ಆದರೆ ಹೋಗಿ ಬನ್ನಿ, ಖಂಡಿತ ಹೋಗಿ, ಈ ವಾರವೇ ಹೋಗಿ ಅವರನ್ನು ಕಾಣಿ.